ಮಣ್ಣಿನ ಬ್ಯಾಕ್ಟೀರಿಯಾದಿಂದ ಬಟ್ಟೆಗೆ ಬಣ್ಣ: ತಳಿಯ ಆಯ್ಕೆಯಿಂದ ಒಗೆತದ ಪರೀಕ್ಷೆಯವರೆಗೆ

ಗಿಡಮೂಲದ ಬಣ್ಣ ಹಾಕಿ ರೂಢಿಯಿರುವವರು ಬ್ಯಾಕ್ಟೀರಿಯಾದ ಕಡೆ ಬಂದಾಗ ಮೊದಲು ತಮ್ಮ ಲೆಕ್ಕಾಚಾರವನ್ನೇ ಬದಲಾಯಿಸಿಕೊಳ್ಳಬೇಕಾಗುತ್ತದೆ. ಮಂಜಿಷ್ಠದ ಬೇರಿನಲ್ಲಿ ಬಣ್ಣ ಮೊದಲೇ ತುಂಬಿರುತ್ತದೆ, ಕುದಿಸಿ ತೆಗೆದರಾಯಿತು. ಬ್ಯಾಕ್ಟೀರಿಯಾ ಹೊಟ್ಟೆತುಂಬ ತಿಂದು ಬೆಳೆಯುತ್ತಿರುವಾಗ ಅದರಲ್ಲಿ ಬಣ್ಣ ಕಡಿಮೆ, ಎಷ್ಟೋ ಸಲ ಇರುವುದೇ ಇಲ್ಲ. ಆಹಾರ ಮುಗಿಯುತ್ತ ಬಂದು, ಬೆಳವಣಿಗೆ ನಿಧಾನವಾಗಿ, ಸುತ್ತ ಜಾಗ ಇಕ್ಕಟ್ಟಾದಾಗ ಅದು ಬಣ್ಣ ಕಟ್ಟಲು ಶುರುಮಾಡುತ್ತದೆ. ಹಾಗಾಗಿ ಈ ಕೆಲಸದಲ್ಲಿ ಬಣ್ಣಗಾರರ ಕೈಯಲ್ಲಿರುವುದು ಮೂರು ಹಿಡಿತಗಳು: ಅದರ ಹಸಿವು, ಅದಕ್ಕೆ ಸಿಗುವ ಗಾಳಿ, ಅದು ಕೂತಿರುವ ಜಾಗದ ಆಮ್ಲ ಅಥವಾ ಕ್ಷಾರದ ಮಟ್ಟ. ಮುಂದೆ ಬರುವ ಪ್ರತಿ ಹಂತದಲ್ಲೂ ಈ ಮೂರರಲ್ಲಿ ಒಂದು ಇದ್ದೇ ಇರುತ್ತದೆ.

ಅದು ಬಣ್ಣ ಕಟ್ಟುವುದಕ್ಕೆ ತನ್ನದೇ ಕಾರಣವಿದೆ. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಕುಲದ ಬ್ಯಾಕ್ಟೀರಿಯಾಗಳು ಎಳೆ ಎಳೆಯಾಗಿ ಬೆಳೆಯುತ್ತವೆ. ಆಹಾರ ಖಾಲಿಯಾಗುತ್ತಿದ್ದಂತೆ ಬೀಜಕ (ಹಸಿವಿನ ಕಾಲ ತಾಳಿಕೊಳ್ಳುವ ಬೀಜದಂಥ ಕೋಶ) ಕಟ್ಟಲು ಸಜ್ಜಾಗುತ್ತವೆ. ಅದೇ ಹೊತ್ತಿನಲ್ಲಿ ಅಕ್ಕಪಕ್ಕದ ಜೀವಿಗಳು ತಮ್ಮ ಮೇಲೆ ಮುಗಿಬೀಳದಂತೆ ಪ್ರತಿಜೀವಕಗಳನ್ನು ತಯಾರಿಸುತ್ತವೆ. 1943ರಲ್ಲಿ ಬೇರ್ಪಡಿಸಿದ ಸ್ಟ್ರೆಪ್ಟೊಮೈಸಿನ್ ಇದೇ ಕುಲದ ಕೊಡುಗೆ. ಇಂಥ ರಕ್ಷಣೆಯ ರಾಸಾಯನಿಕಗಳಲ್ಲಿ ಕೆಲವು ನೀಲಿ, ಕೆಲವು ಕೆಂಪು. ನಾವು ಬಟ್ಟೆಗೆ ಹಚ್ಚುವುದು ಅವನ್ನೇ.

ಯಾವ ಬ್ಯಾಕ್ಟೀರಿಯಾ

ಒಂದು ಹಿಡಿ ಮಣ್ಣು ತಂದು ತಟ್ಟೆಗೆ ಹಚ್ಚಿ, ಬಣ್ಣದ ಕಾಲೊನಿ (ಕಣ್ಣಿಗೆ ಕಾಣುವಷ್ಟು ಬೆಳೆದ ಬ್ಯಾಕ್ಟೀರಿಯಾದ ಗುಂಪು) ಎದ್ದರೆ ಅದನ್ನೇ ಬೆಳೆಸೋಣ ಎನಿಸುವುದು ಸಹಜ. ತರಬೇತಿ ಪಡೆದ ಸೂಕ್ಷ್ಮಜೀವಿ ತಜ್ಞರು ಜೊತೆಗಿಲ್ಲದಿದ್ದರೆ ಆ ದಾರಿ ಹಿಡಿಯಬೇಡಿ. ಮಣ್ಣಿನಿಂದ ಎದ್ದ ಕೆಂಪು ಕಾಲೊನಿ ಸೆರೇಶಿಯಾ ಮಾರ್ಸೆಸೆನ್ಸ್ ಆಗಿರಬಹುದು. ಆಸ್ಪತ್ರೆಗಳಲ್ಲಿ ಮೂತ್ರನಾಳದ ಮತ್ತು ರಕ್ತದ ಸೋಂಕು ತರುವ ಜೀವಿ ಅದು. ನೇರಳೆ ಕಾಲೊನಿ ಕ್ರೋಮೊಬ್ಯಾಕ್ಟೀರಿಯಂ ವಯೊಲೇಸಿಯಂ ಆಗಿರಬಹುದು. ಅದರ ಸೋಂಕು ಅಪರೂಪ, ಆದರೆ ತಗುಲಿದರೆ ಜೀವಕ್ಕೇ ಅಪಾಯ. ಬಣ್ಣ ನೋಡಿ ಜಾತಿ ಹೇಳಲು ಬರುವುದಿಲ್ಲ, 16ಎಸ್ ಆರ್‌ಆರ್‌ಎನ್‌ಎ ಜೀನಿನ ಅನುಕ್ರಮ ಓದಿಸಿಯೇ ಗುರುತು ಹಿಡಿಯಬೇಕು. ಆದ್ದರಿಂದ ಮಾನ್ಯತೆ ಪಡೆದ ಕಲ್ಚರ್ ಸಂಗ್ರಹಾಲಯದಿಂದ (ಗುರುತಿಸಿದ ಸೂಕ್ಷ್ಮಜೀವಿಗಳನ್ನು ಕಾಪಿಡುವ ಸಂಸ್ಥೆ), ಜೀವಸುರಕ್ಷೆಯ ಮಟ್ಟ 1ಕ್ಕೆ, ಅಂದರೆ ಅತಿ ಕಡಿಮೆ ಅಪಾಯದ ಗುಂಪಿಗೆ ಸೇರಿದ, ಹೆಸರು ಮತ್ತು ಸಂಖ್ಯೆ ಇರುವ ತಳಿಯನ್ನೇ ತರಿಸಿಕೊಳ್ಳಿ. ಸಂಗ್ರಹಾಲಯಗಳು ಸಾಮಾನ್ಯವಾಗಿ ಸಂಸ್ಥೆಗಳಿಗೇ ತಳಿ ಕೊಡುವುದರಿಂದ ಕಾಲೇಜು ಅಥವಾ ಸಮುದಾಯ ಪ್ರಯೋಗಾಲಯವೊಂದರ ಜೊತೆ ಸೇರಿ ಕೆಲಸ ಮಾಡುವುದೇ ಸರಿ. ಮನೆಯ ಅಡುಗೆಮನೆ ಇದಕ್ಕೆ ತಕ್ಕ ಜಾಗವಲ್ಲ.

ಹೊಸಬರಿಗೆ ನಾನು ಎರಡೇ ತಳಿಗಳನ್ನು ಹೇಳುತ್ತೇನೆ.

ಮೊದಲನೆಯದು ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್, ಅದರಲ್ಲೂ ಎ3(2) ತಳಿ. ಇದರ ಪೂರ್ತಿ ಜೀನೋಮ್ 2002ರಲ್ಲಿ ಪ್ರಕಟವಾಯಿತು: ಸುಮಾರು 87 ಲಕ್ಷ ಬೇಸ್ ಜೋಡಿಗಳ ಒಂದೇ ಉದ್ದನೆಯ ವರ್ಣತಂತು. ಇದು ಎರಡು ಬಣ್ಣ ಕೊಡುತ್ತದೆ. ಆಕ್ಟಿನೊರೋಡಿನ್ ಆಮ್ಲದಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ. ಇದರಲ್ಲಿ ಒಂದು ಪಾಲು ಕೋಶದಿಂದ ಹೊರಕ್ಕೆ ಸ್ರವಿಸಿ ಮಾಧ್ಯಮಕ್ಕೂ (ಬ್ಯಾಕ್ಟೀರಿಯಾ ಬೆಳೆಸುವ ಆಹಾರದ ಮಿಶ್ರಣ) ಬಟ್ಟೆಗೂ ಹರಡುತ್ತದೆ. ಅಂಡೆಸಿಲ್‌ಪ್ರೊಡಿಜಿಯೊಸಿನ್ ಕೆಂಪು, ಅದು ಕೋಶಕ್ಕೇ ಅಂಟಿಕೊಂಡಿರುತ್ತದೆ, ಕ್ಷಾರ ತಾಗಿದರೆ ಹಳದಿಯತ್ತ ವಾಲುತ್ತದೆ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ಜಾನ್ ವಾರ್ಡ್ ಅವರ ಪ್ರಯೋಗಾಲಯದ ಜೊತೆ ಸೇರಿ ವಿನ್ಯಾಸಕಿ ನತ್ಸಾಯ್ ಆಡ್ರಿ ಚೀಜಾ ರೇಷ್ಮೆಯ ಮೇಲೆ ಬೆಳೆಸಿ ಹೆಸರು ಮಾಡಿದ್ದು ಈ ಜೀವಿಯನ್ನೇ.

ಎರಡನೆಯದು ಜಾಂಥಿನೊಬ್ಯಾಕ್ಟೀರಿಯಂ ಲಿವಿಡಮ್. ಮಣ್ಣು, ಹೊಳೆ ನೀರು, ಕೆಲವು ಉಭಯಚರಗಳ ಚರ್ಮ ಇದರ ನೆಲೆ. ಇದು ವಯೊಲೇಸೀನ್ ಎಂಬ ನೀಲಿ ಮಿಶ್ರಿತ ನೇರಳೆ ಬಣ್ಣ ಕಟ್ಟುತ್ತದೆ. ಇದಕ್ಕೆ ತಂಪು ಬೇಕು: 20ರಿಂದ 25 ಡಿಗ್ರಿ ಸೆಲ್ಸಿಯಸ್ ಒಳ್ಳೆಯದು, ನಮ್ಮ ಮೈಯ ಶಾಖದಲ್ಲಿ ಸರಿಯಾಗಿ ಬೆಳೆಯುವುದೇ ಇಲ್ಲ. 2000ದಲ್ಲಿ ಜಪಾನಿನ ಸಂಶೋಧಕರು ಈ ಬಣ್ಣದಿಂದ ರೇಷ್ಮೆ, ಹತ್ತಿ, ಉಣ್ಣೆ ಮಾತ್ರವಲ್ಲದೆ ನೈಲಾನನ್ನೂ ಅದ್ದಿ ತೋರಿಸಿದರು.

ಎರಡನ್ನೂ ಒಟ್ಟಿಗೆ ಶುರುಮಾಡಬೇಡಿ. ಒಂದಕ್ಕೆ 28ರಿಂದ 30 ಡಿಗ್ರಿ ಮತ್ತು ಒಂದು ವಾರದ ತಾಳ್ಮೆ ಬೇಕು; ಇನ್ನೊಂದು ತಂಪಿನಲ್ಲಿ ಎರಡು ಮೂರು ದಿನಕ್ಕೇ ಬಣ್ಣ ಕೊಡುತ್ತದೆ. ಬೇಗ ಫಲ ಕಾಣಬೇಕಿದ್ದರೆ ಜಾಂಥಿನೊಬ್ಯಾಕ್ಟೀರಿಯಂ, ಬಣ್ಣಗಳ ಹರವು ಬೇಕಿದ್ದರೆ ಸ್ಟ್ರೆಪ್ಟೊಮೈಸಿಸ್.

ಸಲಕರಣೆ

ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧ ಮಾಡುವ ಆಟೊಕ್ಲೇವ್, ಸೋಸಿದ ಗಾಳಿ ಹರಿಸುವ ಲ್ಯಾಮಿನಾರ್ ಹುಡ್, ತಾಪಮಾನ ಹಿಡಿದಿಡುವ ಇನ್‌ಕ್ಯುಬೇಟರ್, ಅಲುಗಾಡಿಸುವ ಶೇಕರ್, 0.01 ಗ್ರಾಂ ತೂಗುವ ತಕ್ಕಡಿ, ಆಮ್ಲ ಕ್ಷಾರದ ಮಟ್ಟ ಅಳೆಯುವ ಪಿಎಚ್ ಮೀಟರ್ ಅಥವಾ ಪಟ್ಟಿಗಳು (7 ತಟಸ್ಥ, ಕೆಳಗೆ ಆಮ್ಲ, ಮೇಲೆ ಕ್ಷಾರ), ಗಾಜಿನ ಮುಚ್ಚಳವಿರುವ ಅಗಲ ತಟ್ಟೆಗಳು. ಕೈಗವಸು, ಕೋಟು, ಕಣ್ಣಿಗೆ ಕನ್ನಡಕ ಕಡ್ಡಾಯ. ಆಟೊಕ್ಲೇವ್ ಬದಲು ಪ್ರೆಷರ್ ಕುಕ್ಕರ್ ಬಳಸಿದರೆ ಆ ಕುಕ್ಕರಿನಲ್ಲಿ ಮತ್ತೆಂದೂ ಅಡುಗೆ ಮಾಡಬಾರದು.

ಬಟ್ಟೆಯನ್ನು ಹದಮಾಡುವುದು

ಅಂಗಡಿಯಿಂದ ಬಂದ ಬಟ್ಟೆಯಲ್ಲಿ ಗಂಜಿ, ಎಣ್ಣೆ, ಹೊಳಪಿನ ರಾಸಾಯನಿಕ, ಕೆಲವೊಮ್ಮೆ ಸೂಕ್ಷ್ಮಜೀವಿ ತಡೆಯುವ ಲೇಪವೂ ಇರುತ್ತದೆ. ಕೊನೆಯದು ಇದ್ದರೆ ನಿಮ್ಮ ಬ್ಯಾಕ್ಟೀರಿಯಾ ಬಟ್ಟೆ ಮುಟ್ಟಿದ ಕೂಡಲೇ ಸಾಯುತ್ತದೆ, ನೀವು ಮಾಧ್ಯಮವನ್ನು ದೂರುತ್ತ ಕೂರುತ್ತೀರಿ. ಯಾವ ಲೇಪವೂ ಇಲ್ಲದ ಹಸಿ ಬಟ್ಟೆಯನ್ನೇ ಆರಿಸಿ.

ಹತ್ತಿಯಾದರೆ ಲೀಟರಿಗೆ 5 ಗ್ರಾಂ ವಾಷಿಂಗ್ ಸೋಡಾ ಮತ್ತು ಸ್ವಲ್ಪ ತಟಸ್ಥ ಡಿಟರ್ಜೆಂಟ್ ಹಾಕಿ ಒಂದು ಗಂಟೆ ಕುದಿಸಿ. ಅಂಟು ತೆಗೆದ ರೇಷ್ಮೆಯನ್ನು 60 ಡಿಗ್ರಿ ನೀರಿನಲ್ಲಿ ತಟಸ್ಥ ಡಿಟರ್ಜೆಂಟ್‌ನೊಂದಿಗೆ ಅರ್ಧ ಗಂಟೆ ಇಡಿ, ಸೋಡಾ ತಾಗಿಸಬೇಡಿ. ಎರಡನ್ನೂ ಜಾಲಿಸಿದ ನೀರಿನ ಪಿಎಚ್ 7ರ ಹತ್ತಿರ ಬರುವವರೆಗೆ ಜಾಲಿಸಬೇಕು. ಉಳಿದ ಸೋಡಾ ಆಕ್ಟಿನೊರೋಡಿನ್‌ನ ಬಣ್ಣವನ್ನೇ ತಿರುಗಿಸಿಬಿಡುತ್ತದೆ.

ಒಣಗಿದ ಮೇಲೆ ತೂಗಿ, ಬರೆದಿಡಿ. ಮುಂದಿನ ಎಲ್ಲ ಅಳತೆಗೂ ಈ ಒಣ ತೂಕವೇ ಆಧಾರ.

ಇನ್ನು ಪಟಿಕದ ವಿಚಾರ. ಸಸ್ಯದ ಬಣ್ಣಕ್ಕೆ ಬಟ್ಟೆಯ ತೂಕದ ನೂರಕ್ಕೆ 10ರಿಂದ 15ರಷ್ಟು ಪಟಿಕ ಕೊಟ್ಟು ಬಣ್ಣ ಕಚ್ಚಿಸುವುದು ರೂಢಿ. ಬ್ಯಾಕ್ಟೀರಿಯಾವನ್ನು ಬಟ್ಟೆಯ ಮೇಲೆಯೇ ಬೆಳೆಸುವ ವಿಧಾನದಲ್ಲಿ ಅದನ್ನು ಮೊದಲೇ ಕೊಡಬಾರದು ಎಂದೇ ನನ್ನ ಅಭಿಪ್ರಾಯ: ಪಟಿಕ ಬಟ್ಟೆಯನ್ನು ಹುಳಿಯಾಗಿಸಿ ಬೆಳವಣಿಗೆಗೆ ಅಡ್ಡಿ ಮಾಡುತ್ತದೆ. ಬಣ್ಣದ ನೀರಿನಲ್ಲಿ ಅದ್ದುವ ವಿಧಾನದಲ್ಲಿ ಪಟಿಕ ಕೊಟ್ಟ ತುಂಡೊಂದನ್ನೂ ಕೊಡದ ತುಂಡೊಂದನ್ನೂ ಜೊತೆಯಾಗಿ ಅದ್ದಿ ಹೋಲಿಸಿ.

ಮಾಧ್ಯಮ ಮತ್ತು ಬಿತ್ತನೆ

ಸ್ಟ್ರೆಪ್ಟೊಮೈಸಿಸ್‌ಗೆ ಮ್ಯಾನಿಟಾಲ್ ಸೋಯಾ ಮಾಧ್ಯಮ ಚೆನ್ನಾಗಿ ಹೊಂದುತ್ತದೆ: ನಲ್ಲಿಯಿಂದ ಹಿಡಿದ ಒಂದು ಲೀಟರ್ ನೀರಿಗೆ 20 ಗ್ರಾಂ ಮ್ಯಾನಿಟಾಲ್, 20 ಗ್ರಾಂ ಎಣ್ಣೆ ತೆಗೆದ ಸೋಯಾ ಹಿಟ್ಟು, ಮಾಧ್ಯಮವನ್ನು ಹೆಪ್ಪುಗಟ್ಟಿಸಲು 20 ಗ್ರಾಂ ಅಗರ್. ಸೋಯಾ ಹಿಟ್ಟಿನ ಪೋಷಕಾಂಶ ನಿಧಾನವಾಗಿ ಬಿಡುಗಡೆಯಾಗುವುದರಿಂದ ಬ್ಯಾಕ್ಟೀರಿಯಾ ಅರೆಹಸಿವಿನಲ್ಲಿರುತ್ತದೆ, ನಮಗೆ ಬೇಕಾದ್ದೂ ಅದೇ. ಹಿಟ್ಟು ಗಂಟುಕಟ್ಟಿದರೆ ಒಳಭಾಗಕ್ಕೆ ಶಾಖ ತಲುಪುವುದಿಲ್ಲ. ಚೆನ್ನಾಗಿ ಕದಡಿ ಆಟೊಕ್ಲೇವ್ ಮಾಡಿ.

ಜಾಂಥಿನೊಬ್ಯಾಕ್ಟೀರಿಯಂಗೆ ಲೀಟರಿಗೆ 10 ಗ್ರಾಂ ಟ್ರಿಪ್ಟೋನ್, 5 ಗ್ರಾಂ ಯೀಸ್ಟ್ ಸಾರ, 10 ಮಿಲಿ ಗ್ಲಿಸರಾಲ್, ಪಿಎಚ್ 7. ತಟ್ಟೆಗೆ ಹಾಕುವುದಾದರೆ 15 ಗ್ರಾಂ ಅಗರ್ ಸೇರಿಸಿ. ಇಲ್ಲಿ ಗ್ಲೂಕೋಸ್ ಹಾಕುವ ಮನಸ್ಸಾದರೆ ತಡೆಯಿರಿ: ಗ್ಲಿಸರಾಲ್ ಕೊಟ್ಟಾಗ ವಯೊಲೇಸೀನ್ ಹೆಚ್ಚುತ್ತದೆ, ಗ್ಲೂಕೋಸ್ ಕೊಟ್ಟಾಗ ತಗ್ಗುತ್ತದೆ. ವಯೊಲೇಸೀನ್‌ಗೆ ಕಚ್ಚಾ ವಸ್ತು ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲ. ಟ್ರಿಪ್ಟೋನ್‌ನಲ್ಲಿ ಅದು ಸಿಗುತ್ತದೆ.

ಎಲ್ಲವನ್ನೂ 121 ಡಿಗ್ರಿಯಲ್ಲಿ 20 ನಿಮಿಷ ಆಟೊಕ್ಲೇವ್ ಮಾಡಿ. ಸೋಯಾ ಮಾಧ್ಯಮಕ್ಕೂ ಮಡಿಸಿದ ಬಟ್ಟೆಗೂ 30 ನಿಮಿಷ ಕೊಡಿ.

ಬಿತ್ತನೆಗೆ ಸ್ಟ್ರೆಪ್ಟೊಮೈಸಿಸ್‌ನ ಬೀಜಕಗಳೇ ಅನುಕೂಲ. ತಟ್ಟೆಯಲ್ಲಿ 28–30 ಡಿಗ್ರಿಯಲ್ಲಿ ಒಂದು ವಾರ ಬೆಳೆಸಿದರೆ ಮೇಲ್ಮೈ ಬೂದುಬಣ್ಣದ ಪುಡಿಯಂತಾಗುತ್ತದೆ. ಅದನ್ನು ನೂರಕ್ಕೆ 20ರ ಗ್ಲಿಸರಾಲ್ ದ್ರಾವಣದಲ್ಲಿ ಮೆಲ್ಲನೆ ಉಜ್ಜಿ ತೆಗೆದು, ಕ್ರಿಮಿಶುದ್ಧ ಹತ್ತಿಯಲ್ಲಿ ಸೋಸಿ, ಮೈನಸ್ 20 ಡಿಗ್ರಿಯಲ್ಲಿ ಪುಟ್ಟ ಕೊಳವೆಗಳಲ್ಲಿಡಿ. ಪ್ರತಿ ಬಾರಿಯೂ ಈ ಮೂಲ ದಾಸ್ತಾನಿನಿಂದಲೇ ಬಿತ್ತಿ. ತಟ್ಟೆಯಿಂದ ತಟ್ಟೆಗೆ ದಾಟಿಸುತ್ತ ಹೋದರೆ ಬಣ್ಣ ಕೆಡುತ್ತದೆ. ಸ್ಟ್ರೆಪ್ಟೊಮೈಸಿಸ್‌ನ ನೇರ ವರ್ಣತಂತುವಿನ ತುದಿಗಳಿಂದ ದೊಡ್ಡ ತುಣುಕುಗಳೇ ಕಳಚಿಹೋಗುವುದುಂಟು. ಜಾಂಥಿನೊಬ್ಯಾಕ್ಟೀರಿಯಂನಲ್ಲೂ ಬಿಳಿಯ, ಬಣ್ಣವಿಲ್ಲದ ಕಾಲೊನಿಗಳು ಏಳುತ್ತವೆ. ಅವನ್ನು ಬಿಟ್ಟು ಅತಿ ಗಾಢವಾದದ್ದನ್ನೇ ಆರಿಸಿಕೊಳ್ಳಿ.

ಮೊದಲ ವಿಧಾನ: ಬಟ್ಟೆಯ ಮೇಲೆಯೇ ಬೆಳೆಸುವುದು

ಈ ಕೆಲಸದ ನಿಜವಾದ ಸೊಗಸು ಇರುವುದು ಇಲ್ಲಿ. ಬಣ್ಣದ ಪಾತ್ರೆಯಲ್ಲಿ ಅದ್ದಿದ ಬಟ್ಟೆ ಏಕಬಣ್ಣ ಪಡೆದರೆ, ಮೇಲೆಯೇ ಬೆಳೆಸಿದ ಬಟ್ಟೆಯಲ್ಲಿ ಬ್ಯಾಕ್ಟೀರಿಯಾ ಎಲ್ಲಿ ಕೂತಿತು, ಎಲ್ಲಿ ಗಾಳಿ ಸಿಕ್ಕಿತು, ಎಲ್ಲಿ ಆಹಾರ ಮುಗಿಯಿತು ಎಂಬುದೆಲ್ಲ ಚಿತ್ತಾರವಾಗಿ ಉಳಿಯುತ್ತದೆ. ಹತ್ತಿ ಮತ್ತು ರೇಷ್ಮೆಗೆ ಇದು ಸರಿ. ರೇಷ್ಮೆಯ ಹೊಳಪು ಆಟೊಕ್ಲೇವ್‌ನಲ್ಲಿ ಸ್ವಲ್ಪ ಮಂಕಾಗಬಹುದು. ಉಣ್ಣೆ ಆ ಶಾಖದಲ್ಲಿ ಕುಗ್ಗಿ ಗಡುಸಾಗುವುದರಿಂದ ಅದನ್ನು ಎರಡನೇ ವಿಧಾನಕ್ಕೆ ಬಿಡಿ.

1. ಬಟ್ಟೆಯನ್ನು ತಟ್ಟೆಯ ಅಳತೆಗೆ ಕತ್ತರಿಸಿ. ಚಿತ್ತಾರ ಬೇಕಿದ್ದರೆ ಮಡಿಸಿ, ಸುರುಳಿ ಸುತ್ತಿ, ಹತ್ತಿ ದಾರದಿಂದ ಬಿಗಿಯಾಗಿ ಕಟ್ಟಿ. ಕಟ್ಟಿನ ಒಳಗೆ ಗಾಳಿಯೂ ಬ್ಯಾಕ್ಟೀರಿಯಾವೂ ತಲುಪದೆ ಆ ಭಾಗ ಬಿಳಿಚಾಗಿ ಉಳಿಯುತ್ತದೆ.

2. ಬಟ್ಟೆಯನ್ನು ಅಗರ್ ಇಲ್ಲದ ಮಾಧ್ಯಮದಲ್ಲಿ ನೆನೆಸಿ, ತೊಟ್ಟಿಕ್ಕದಷ್ಟು ಹಿಂಡಿ, ಗಾಜಿನ ಪಾತ್ರೆಯಲ್ಲಿ ಮುಚ್ಚಿ ಆಟೊಕ್ಲೇವ್ ಮಾಡಿ. ಪೂರ್ತಿ ತಣಿಯಲಿ, ಬಿಸಿಯಿದ್ದಾಗ ಬಿತ್ತಿದರೆ ಬಿತ್ತನೆಯೇ ಸಾಯುತ್ತದೆ.

3. ಹುಡ್‌ನೊಳಗೆ ಕ್ರಿಮಿಶುದ್ಧ ಚಿಮಟದಿಂದ ಬಟ್ಟೆಯನ್ನೆತ್ತಿ, ಮೊದಲೇ ಹೆಪ್ಪುಗಟ್ಟಿದ ಅಗರ್ ಮೇಲೆ ಹಾಸಿ. ಅಡಿಯಲ್ಲಿ ಗಾಳಿಗುಳ್ಳೆ ಉಳಿಯದಂತೆ ಒತ್ತಿ.

4. ಬೀಜಕದ ದ್ರಾವಣವನ್ನು ಅಥವಾ ಒಂದು ರಾತ್ರಿ ಬೆಳೆಸಿದ ಜಾಂಥಿನೊಬ್ಯಾಕ್ಟೀರಿಯಂ ಕಲ್ಚರ್ ಅನ್ನು ಬಟ್ಟೆಯ ಮೇಲೆ ಹನಿಸಿ. ಇಡೀ ಬಟ್ಟೆಗೆ ಬಣ್ಣ ಬೇಕಿದ್ದರೆ ಗಾಜಿನ ಕಡ್ಡಿಯಿಂದ ಸಮನಾಗಿ ಹರಡಿ; ಚುಕ್ಕೆ, ಗೆರೆ ಬೇಕಿದ್ದರೆ ಅಲ್ಲಲ್ಲೇ ಬಿಡಿ. ಸಿಂಪಡಿಸುವ ಬಾಟಲಿ ಬೇಡ, ಹನಿಗಳು ಗಾಳಿಯಲ್ಲಿ ತೇಲಿ ಉಸಿರಿಗೆ ಸೇರುತ್ತವೆ.

5. ಮುಚ್ಚಳ ಮುಚ್ಚಿ, ಗಾಳಿಯಾಡುವ ಟೇಪ್ ಹಚ್ಚಿ, ತಕ್ಕ ತಾಪಮಾನದಲ್ಲಿಡಿ. ಪೂರ್ತಿ ಬಿಗಿಯಾಗಿ ಮುಚ್ಚಬಾರದು: ವಯೊಲೇಸೀನ್ ತಯಾರಾಗುವ ರಾಸಾಯನಿಕ ಹಾದಿಗೆ ಆಮ್ಲಜನಕ ಬೇಕೇ ಬೇಕು.

ಸ್ಟ್ರೆಪ್ಟೊಮೈಸಿಸ್ ಮೊದಲ ಎರಡು ದಿನ ಏನೂ ಆಗದಂತೆ ಕಾಣುತ್ತದೆ. ಆಮೇಲೆ ತೊಗಲಿನಂಥ ಬಿಳಿಚು ಪದರ ಏಳುತ್ತದೆ, ಅದರ ಬೆನ್ನಿಗೆ ಕೆಂಪು, ಕೆಂಪಿನ ನಂತರ ನೀಲಿ. ಕಾಲೊನಿಯ ಮೇಲೆ ಪುಟ್ಟ ಪುಟ್ಟ ನೀಲಿ ಹನಿಗಳು ನಿಲ್ಲುವುದನ್ನು ಕಂಡಾಗ ಎಷ್ಟು ಸಲ ನೋಡಿದ್ದರೂ ಮನಸ್ಸು ಅರಳುತ್ತದೆ. ಏಳರಿಂದ ಹತ್ತು ದಿನಕ್ಕೆ ಬಣ್ಣ ಬಟ್ಟೆಗಿಳಿದಿರುತ್ತದೆ. ಮಳೆ ಬಿದ್ದ ನೆಲದ ವಾಸನೆಯನ್ನು ಕೊಡುವ ಜಿಯೋಸ್ಮಿನ್ ಅನ್ನೂ ಈ ಜೀವಿ ಬಿಡುತ್ತದೆ. ಮುಚ್ಚಿದ ಇನ್‌ಕ್ಯುಬೇಟರ್ ತೆರೆದಾಗಲೇ ಆ ಕಂಪು ತಾನಾಗಿ ತಿಳಿಯುತ್ತದೆ, ಅದಕ್ಕಾಗಿ ತಟ್ಟೆ ತೆರೆದು ಮೂಗಿಗೆ ಹಿಡಿಯಬಾರದು.

ಬಟ್ಟೆಯ ಮೇಲೆ ಹಸಿರು ಅಥವಾ ಕಪ್ಪು ನಯವಾದ ರೋಮ ಎದ್ದರೆ ಅದು ಬೂಷ್ಟು. ಒಂದೇ ರಾತ್ರಿಯಲ್ಲಿ ತಟ್ಟೆತುಂಬ ಲೋಳೆ ಹರಡಿದರೆ ಬೇರೆ ಬ್ಯಾಕ್ಟೀರಿಯಾ ನುಗ್ಗಿದೆ. ಎರಡರಲ್ಲೂ ತಟ್ಟೆ ತೆರೆಯದೆ ಹಾಗೆಯೇ ಆಟೊಕ್ಲೇವ್‌ಗೆ ಹಾಕಿ. ಮೂಲೆಯಲ್ಲಿ ಮಾತ್ರ ಕೆಟ್ಟಿದೆ, ಉಳಿದ ಭಾಗ ಉಳಿಸಿಕೊಳ್ಳೋಣ ಎಂಬ ಆಸೆ ಬೇಡ.

ಎರಡನೇ ವಿಧಾನ: ಬಣ್ಣದ ನೀರಿನಲ್ಲಿ ಅದ್ದುವುದು

ಸಮನಾದ ಬಣ್ಣ ಬೇಕಿದ್ದರೆ, ನೂಲಿನ ಲಡಿಗೆ ಅಥವಾ ಉಣ್ಣೆಗೆ ಬಣ್ಣ ಹಾಕಬೇಕಿದ್ದರೆ ಇದೇ ದಾರಿ.

ವಯೊಲೇಸೀನ್ ನೀರಿನಲ್ಲಿ ಕರಗುವುದಿಲ್ಲ, ಕೋಶದಲ್ಲೇ ಉಳಿದಿರುತ್ತದೆ. ಸರಳವಾದ ಉಪಾಯವೆಂದರೆ ಕೋಶಗಳ ಸಮೇತ ಬಿಸಿ ಮಾಡುವುದು. ಗ್ಲಿಸರಾಲ್ ಮಾಧ್ಯಮದಲ್ಲಿ ಶೇಕರ್ ಮೇಲೆ ಗಾಢ ನೇರಳೆ ಬರುವವರೆಗೆ, ಎರಡರಿಂದ ನಾಲ್ಕು ದಿನ ಬೆಳೆಸಿ. ಫ್ಲಾಸ್ಕ್‌ನ ಐದನೇ ಒಂದು ಭಾಗ ಮಾತ್ರ ದ್ರವವಿರಲಿ, ಉಳಿದದ್ದು ಗಾಳಿಗೆ. ಬಟ್ಟೆಯ ತೂಕಕ್ಕೆ 40 ಪಟ್ಟು ದ್ರವ ಸಾಕು: 10 ಗ್ರಾಂ ರೇಷ್ಮೆಗೆ 400 ಮಿಲಿ. ನೀರಿನಲ್ಲಿ ನೆನೆಸಿ ಹಿಂಡಿದ ಬಟ್ಟೆಯನ್ನು ಅದರಲ್ಲಿ ಮುಳುಗಿಸಿ, ಅರ್ಧ ಗಂಟೆಯಲ್ಲಿ ನಿಧಾನವಾಗಿ 80 ಡಿಗ್ರಿಗೆ ಏರಿಸಿ, ಒಂದು ಗಂಟೆ ಹಿಡಿದು, ಅದೇ ನೀರಿನಲ್ಲಿ ತಣಿಯಲು ಬಿಡಿ. ನಡುನಡುವೆ ತಿರುವುತ್ತಿರಬೇಕು, ಇಲ್ಲವಾದರೆ ಕಲೆ ಕಲೆಯಾಗುತ್ತದೆ. ಉಣ್ಣೆಯನ್ನು ಮಾತ್ರ ಜೋರಾಗಿ ಕದಡಬೇಡಿ.

ಶುದ್ಧ ಸಾರ ಬೇಕೆಂದರೆ ಕೋಶಗಳನ್ನು ಸೆಂಟ್ರಿಫ್ಯೂಜ್ ಮಾಡಿ ಕೆಳಗಿಳಿಸಿ, ಎಥನಾಲ್ ಸೇರಿಸಿ, ಕತ್ತಲಲ್ಲಿ ಕೋಶಗಳು ಬಿಳಿಚುವವರೆಗೆ ಇಟ್ಟು ಸೋಸಿ. ಎಥನಾಲ್ ಹತ್ತಿರ ಬೆಂಕಿ ಬೇಡ, ಕಿಡಿ ಹಾರುವ ಒಲೆಯೂ ಬೇಡ. ಬಿಸಿ ನೀರಿನ ತೊಟ್ಟಿಯಲ್ಲಿಟ್ಟು, ಗಾಳಿ ಹೀರುವ ಕಪಾಟಿನ ಕೆಳಗೆ ಕೆಲಸ ಮಾಡಿ.

ಆಕ್ಟಿನೊರೋಡಿನ್‌ಗೆ ಬೇರೆಯೇ ತಂತ್ರವಿದೆ, ಅದರ ತರ್ಕ ನನಗೆ ತುಂಬ ಇಷ್ಟ. ಈ ಬಣ್ಣ ಕ್ಷಾರದಲ್ಲಿ ನೀಲಿಯಾಗಿ ಕರಗುತ್ತದೆ, ಆಮ್ಲದಲ್ಲಿ ಕೆಂಪಾಗಿ ಗಷ್ಟುಗಟ್ಟುತ್ತದೆ. ಹಾಗಾಗಿ ಬೆಳೆದ ಕಲ್ಚರನ್ನು ಆಟೊಕ್ಲೇವ್ ಮಾಡಿ ಕೊಂದ ಮೇಲೆ ವಾಷಿಂಗ್ ಸೋಡಾ ಹಾಕಿ ಪಿಎಚ್ 10ಕ್ಕೆ ಏರಿಸಿ, ಸೋಸಿ, ಆ ನೀಲಿ ನೀರಿನಲ್ಲಿ ಹತ್ತಿಯನ್ನು ಒಂದು ಗಂಟೆ ಅದ್ದಿ. ಬಣ್ಣ ಎಳೆಯೊಳಗೆ ಹೊಕ್ಕ ಮೇಲೆ ತೆಳು ವಿನೆಗರ್ ನೀರಿಗೆ ದಾಟಿಸಿದರೆ ಅದು ಅಲ್ಲೇ ಕರಗದ ರೂಪ ತಾಳಿ ನಿಲ್ಲುತ್ತದೆ. ಹಲವು ಸಲ ಅದ್ದಿದರೆ ಗಾಢವಾಗುತ್ತದೆ. ರೇಷ್ಮೆ, ಉಣ್ಣೆಗಳನ್ನು ಕ್ಷಾರ ಹಾಳುಮಾಡುತ್ತದೆ. ಅವಕ್ಕೆ ಪಿಎಚ್ 9 ದಾಟಿಸಬೇಡಿ, ಹೊತ್ತನ್ನೂ ಕಡಿಮೆ ಮಾಡಿ.

ಕೊಲ್ಲುವುದು, ಖಚಿತ ಮಾಡಿಕೊಳ್ಳುವುದು

ಬಟ್ಟೆಯ ಮೇಲೆ ಬೆಳೆಸಿದ್ದಾದರೆ ಬಣ್ಣ ಬಂದೊಡನೆ ಕೈಹಾಕಬೇಡಿ. ಪಾತ್ರೆ ಸಮೇತ 121 ಡಿಗ್ರಿಯಲ್ಲಿ 30 ನಿಮಿಷ ಆಟೊಕ್ಲೇವ್ ಮಾಡಿ. 80 ಡಿಗ್ರಿಯಲ್ಲಿ ಅದ್ದಿದ ಬಟ್ಟೆಗೂ ಕೊನೆಯಲ್ಲಿ ಇಂಥದೇ ಶುದ್ಧೀಕರಣ ಬೇಕು. ಉಣ್ಣೆಯಾದರೆ ನೂರಕ್ಕೆ 70ರ ಎಥನಾಲ್‌ನಲ್ಲಿ ಅರ್ಧ ಗಂಟೆ ಮುಳುಗಿಸಿಡಿ, ಸ್ವಲ್ಪ ಬಣ್ಣ ಬಿಡುವುದನ್ನು ಒಪ್ಪಿಕೊಳ್ಳಬೇಕು. ಆಮೇಲೆ ಜೀವಕೋಶದ ಪದರವನ್ನು ಮೆತ್ತಗಿನ ಬ್ರಷ್‌ನಿಂದ ಉಜ್ಜಿ ತೆಗೆದು, ತಟಸ್ಥ ಡಿಟರ್ಜೆಂಟ್‌ನಲ್ಲಿ ತೊಳೆದು, ನೀರು ತಿಳಿಯಾಗುವವರೆಗೆ ಜಾಲಿಸಿ, ನೆರಳಲ್ಲಿ ಒಣಗಿಸಿ.

ನಂಬಿಕೆ ಸಾಲದು, ಪರೀಕ್ಷೆ ಬೇಕು. ಶುದ್ಧೀಕರಿಸಿದ ಬಟ್ಟೆಯ ಅಂಚಿನಿಂದ ಚೂರೊಂದನ್ನು ಕತ್ತರಿಸಿ ಹೊಸ ಅಗರ್ ತಟ್ಟೆಯ ಮೇಲಿಟ್ಟು, ಆ ತಳಿ ಬೆಳೆಯುವ ತಾಪಮಾನದಲ್ಲೇ ಒಂದು ವಾರ ಕಾಯಿರಿ. ಸುತ್ತ ಏನೂ ಬೆಳೆಯದಿದ್ದರೆ ಮಾತ್ರ ಬಟ್ಟೆ ಪ್ರಯೋಗಾಲಯದಿಂದ ಹೊರಗೆ ಹೋಗಬಹುದು. ಈ ವರ್ಣದ್ರವ್ಯಗಳು ಜೈವಿಕವಾಗಿ ಚುರುಕಾದವು, ವಯೊಲೇಸೀನ್ ಜೀವಕೋಶಗಳಿಗೆ ವಿಷವಾಗಬಲ್ಲದು ಎಂದು ಕೋಶ ಕೃಷಿಯ ಅಧ್ಯಯನಗಳು ತೋರಿಸಿವೆ. ಆದ್ದರಿಂದ ಮೈಗೆ ನೇರ ತಾಗುವ ಒಳ ಉಡುಪು, ಕೂಸುಗಳ ಬಟ್ಟೆಗೆ ನಾನು ಇವನ್ನು ಶಿಫಾರಸು ಮಾಡುವುದಿಲ್ಲ. ಗೋಡೆಗೆ ತೂಗುವ ಬಟ್ಟೆ, ಶಾಲಿನ ಅಂಚು, ಚೀಲ, ಪುಸ್ತಕದ ಹೊದಿಕೆ ಇವೇ ಒಳ್ಳೆಯ ಆರಂಭ.

ಉಳಿದ ಮಾಧ್ಯಮ, ತಟ್ಟೆ, ಕೈಗವಸು ಎಲ್ಲವೂ ಆಟೊಕ್ಲೇವ್ ಆದ ಮೇಲೆಯೇ ಕಸಕ್ಕೆ. ಚೆಲ್ಲಿದ ದ್ರವದ ಮೇಲೆ ಬ್ಲೀಚ್ ಸುರಿದು ಅರ್ಧ ಗಂಟೆ ಬಿಡಿ. ಬ್ಲೀಚ್ ಮತ್ತು ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ, ಎರಡನ್ನೂ ದೂರ ದೂರ ಇಡಿ. ಬ್ಲೀಚ್ ಹಾಕಿದ್ದನ್ನು ಆಟೊಕ್ಲೇವ್‌ಗೂ ಹಾಕಬೇಡಿ.

ಬಣ್ಣ ನಿಲ್ಲುತ್ತದೆಯೇ

ಇಲ್ಲಿ ಮುಚ್ಚುಮರೆಯಿಲ್ಲದೆ ಹೇಳಬೇಕು: ವಯೊಲೇಸೀನ್ ಮತ್ತು ಪ್ರೊಡಿಜಿಯೊಸಿನ್ ಬಗೆಯ ಕೆಂಪು ಎರಡೂ ಬೆಳಕಿಗೆ ಸೋಲುತ್ತವೆ. ಬಿಸಿಲಿಗೆ ಹಾಕಿದರೆ ನೇರಳೆ ಮಂಕಾಗುವುದನ್ನು ಕಣ್ಣಾರೆ ಕಾಣಬಹುದು. ಇದನ್ನು ಮುಚ್ಚಿಟ್ಟು ಮಾರುವುದು ಕೊಳ್ಳುವವರಿಗೂ ಈ ವಿದ್ಯೆಗೂ ಮಾಡುವ ಅನ್ಯಾಯ.

ಸರಳ ಪರೀಕ್ಷೆ ಹೀಗೆ. ಬಣ್ಣದ ಬಟ್ಟೆಯಿಂದ ನಾಲ್ಕು ಪಟ್ಟಿ ಕತ್ತರಿಸಿ. ಒಂದನ್ನು ಕಪ್ಪು ಕಾಗದದಲ್ಲಿ ಸುತ್ತಿ ಕತ್ತಲಲ್ಲಿಡಿ, ಅದು ಹೋಲಿಕೆಗೆ. ಇನ್ನೊಂದರ ಅರ್ಧಭಾಗ ಮುಚ್ಚಿ ಕಿಟಕಿಯ ಬಿಸಿಲಿಗಿಟ್ಟು ವಾರಕ್ಕೊಮ್ಮೆ ನೋಡಿ. ಮೂರನೆಯದನ್ನು ಬಿಳಿ ಹತ್ತಿ ತುಂಡಿನ ಜೊತೆ ಹೊಲಿದು 40 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ತೊಳೆಯಿರಿ. ಬಿಳಿಗೆ ಬಣ್ಣ ಹತ್ತಿದರೆ ಜಾಲಿಸಿದ್ದು ಸಾಲದು. ನಾಲ್ಕನೆಯದನ್ನು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಮಾರಾಟದ ಮಟ್ಟಕ್ಕೆ ಹೋಗುವವರು ಐಎಸ್‌ಒ 105 ಸರಣಿಯ ಪರೀಕ್ಷೆಗಳನ್ನು ಮಾಡಿಸಬೇಕು. ಅದರಲ್ಲಿ ಒಗೆತಕ್ಕೆ 1ರಿಂದ 5ರ ಬೂದು ಅಳತೆಪಟ್ಟಿ, ಬೆಳಕಿಗೆ 1ರಿಂದ 8ರ ನೀಲಿ ಉಣ್ಣೆಯ ಅಳತೆಪಟ್ಟಿ ಇದೆ.

ಆಕ್ಟಿನೊರೋಡಿನ್ ಬಟ್ಟೆಯ ಒಗೆತಕ್ಕೆ ಬೇರೆಯೇ ಎಚ್ಚರ ಬೇಕು. ಸಾಮಾನ್ಯ ಸಾಬೂನು ಕ್ಷಾರೀಯ. ಕೆಂಪಾಗಿ ಕೊಟ್ಟ ಬಟ್ಟೆ ಮೊದಲ ಒಗೆತಕ್ಕೇ ನೇರಳೆಯತ್ತಲೋ ನೀಲಿಯತ್ತಲೋ ತಿರುಗೀತು. ತಟಸ್ಥ ಡಿಟರ್ಜೆಂಟ್ ಬಳಸಲು ಚೀಟಿಯಲ್ಲೇ ಬರೆದು ಕೊಡಿ. ಬೆವರು ತಾಗುವ ಕಡೆಯೂ ಬಣ್ಣ ಬದಲಾಗಬಹುದು. ಈ ಗುಣವನ್ನೇ ವಿನ್ಯಾಸವಾಗಿ ಬಳಸುವುದೂ ಸಾಧ್ಯ: ಒಂದೇ ಬಟ್ಟೆಯ ಒಂದು ತುದಿಯನ್ನು ವಿನೆಗರ್ ನೀರಿನಲ್ಲೂ ಇನ್ನೊಂದನ್ನು ತೆಳು ಸೋಡಾ ನೀರಿನಲ್ಲೂ ಅದ್ದಿದರೆ ಕೆಂಪಿನಿಂದ ನೀಲಿಗೆ ಹರಿಯುವ ಬಟ್ಟೆ ಸಿಗುತ್ತದೆ. ಗೋಡೆಗೆ ತೂಗುವುದಕ್ಕಾದರೆ ಇದಕ್ಕಿಂತ ಚೆಲುವಾದದ್ದನ್ನು ನಾನು ಕಾಣೆ. ನೇರ ಬಿಸಿಲು ಬೀಳದ ಗೋಡೆಯನ್ನು ಆರಿಸಿಕೊಳ್ಳಿ.

ಪ್ರತಿ ತಟ್ಟೆಗೂ ತಳಿಯ ಸಂಖ್ಯೆ, ಮಾಧ್ಯಮ, ಬಿತ್ತಿದ ದಿನ, ತಾಪಮಾನ, ಬಟ್ಟೆಯ ಒಣ ತೂಕ, ಕೊಲ್ಲುವ ಮುನ್ನ ಮತ್ತು ನಂತರದ ಬಣ್ಣ, ಕೊನೆಯ ಜಾಲಿಸಿದ ನೀರಿನ ಪಿಎಚ್ ಇಷ್ಟನ್ನೂ ಬರೆದು, ಬಟ್ಟೆಯ ಚೂರೊಂದನ್ನು ಆ ಪುಟಕ್ಕೇ ಹೊಲಿದಿಡಿ. ಪುಟ ಮುಚ್ಚಿರುವುದರಿಂದ ಆ ಚೂರಿನ ಬಣ್ಣ ಉಳಿಯುತ್ತದೆ, ಮುಂದಿನ ಬಿತ್ತನೆಯ ಬಣ್ಣವನ್ನು ಅದರ ಪಕ್ಕದಲ್ಲಿಟ್ಟು ನೋಡಬಹುದು.